ಹೊಳೆವ್ವನ ಕೈ ಸೋಲುವ ಮೊದಲು

ಕಾಲರ್ ಹೊಲಿಯುತ್ತಿದ್ದ ಗೌಹರಳಿಗೆ, ಅದನ್ನು ಅಂಗಿಗೆ ಹಚ್ಚುವ ಸವಿತಾಳ ಸಲಾಮು.

ಇವತ್ತು ಭಾನುವಾರ. ತಮ್ಮ ಪ್ರಶಾಂತ ಹೆಂಡತಿಯನ್ನು ಕರೆದುಕೊಂಡು ಅಕ್ಕಿಆಲೂರಿಗೆ ವಾಸ್ತುಶಾಂತಿಗೆ ಹೋಗಿದ್ದಾನೆ. ಬೆಳಿಗ್ಗೆ ಇಬ್ಬರೂ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕಣ್ಣು ಕಾಣದ ಅವ್ವನ ಹತ್ತಿರ ಯಾರಾದರೂ ಒಬ್ಬರು ಇರಬೇಕಲ್ಲ. "ನೀವು ಹೋಗ್ರಿ, ನಾ ಇರ್ತೇನಿ" ಅಂದೆ. ಅವರಿಬ್ಬರೂ ಬಾಯಿ ತೆಗೆಯುವ ಮೊದಲೇ ಅಂದೆ. ನೀನಿದ್ದರೆ ನನ್ನ ತಲೆಗೆ ಒಂದು ಮೊಟಕುತ್ತಿದ್ದೆ.

ಅವ್ವ ಪಡಸಾಲೆಯಲ್ಲಿ ಮಲಗಿದ್ದಾಳೆ. ನಾನು ದಿನಾ ಡೈರಿಯಲ್ಲಿ ನಾಲ್ಕು ಸಾಲು ಬರೆಯುವವಳು, ನಿನಗೆ ಗೊತ್ತು. ಏನು ಅಡಿಗೆ, ಯಾವ ಅಂಗಿ, ಬಸ್ಸು ತಡವಾಯಿತೋ ಇಲ್ಲವೋ. ಶುಕ್ರವಾರ ನಡೆದದ್ದನ್ನು ಆ ನಾಲ್ಕು ಸಾಲಿನಲ್ಲಿ ಹಿಡಿಸಲು ನೋಡಿದೆ, ಆಗಲಿಲ್ಲ. ನಿನಗೇ ಹೇಳಬೇಕಾದ ಮಾತು ಅದು. ನೀನು ನನ್ನನ್ನು ಬಿಟ್ಟುಹೋದ ಕೋಣೆಯ ವಿಷಯ. ಕೋಣೆ ಕಟ್ಟಿದವಳು ನೀನು. ಅಲ್ಲಿ ಏನಾಯಿತು ಎಂದು ತಿಳಿಯುವ ಹಕ್ಕು ನಿನಗಿದೆ.

ಆ ಕೋಣೆ ಎಲ್ಲಿಯೂ ಇಲ್ಲ, ನಮ್ಮ ಆಟದಲ್ಲಿ ಮಾತ್ರ ಇದೆ ಎಂದು ಯಾರಾದರೂ ಹೇಳಬಹುದು. ಇದ್ದೀತು. ಆದರೆ ನೀನು ತೀರಿಕೊಂಡ ಮೇಲೆ ನಾನು ಹೆಚ್ಚು ಹೊತ್ತು ಇದ್ದದ್ದು ಅಲ್ಲಿಯೇ.

ಆಟ ಶುರುವಾದದ್ದು ನೆನಪಿದೆಯಾ? ಶಿಗ್ಗಾಂವಿಯ ನಮ್ಮ ಗಾರ್ಮೆಂಟ್ಸಿನ ಗೇಟಿನಲ್ಲಿ ಎಲ್ಲರ ಫೋನು ಇಸಿದುಕೊಂಡು ಒಂದು ಬಿಲ್ಲೆ ಕೊಡುತ್ತಾರೆ. ಫೋನು, ಕಿವಿಗೆ ಹಾಕುವ ವೈರು, ಕೈಗೆ ಕಟ್ಟುವ ಹೊಸ ನಮೂನೆಯ ಗಡಿಯಾರ, ಯಾವುದೂ ಒಳಗೆ ಹೋಗುವಂತಿಲ್ಲ. ಅದಕ್ಕೇ ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಉಳಿದ ಹೊತ್ತಿನಲ್ಲಿ ಯಾರಿಗೂ ಏನು ಮಾಡಬೇಕು ತಿಳಿಯುತ್ತಿರಲಿಲ್ಲ. ಎಳೆಯ ಹುಡುಗಿಯರು ಖಾಲಿ ಅಂಗೈಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂಡುತ್ತಿದ್ದರು. ನುಜಹತಳನ್ನು ನೋಡಿ ನೀನು, "ಏ, ಅಂಗೈಯಾಗ ಯಾರ ಸ್ಟೇಟಸ್ ನೋಡಾಕತ್ತಿ?" ಎಂದು ನಗಿಸಿದ್ದೆ.

ಒಂದು ಸೋಮವಾರ ನೀನು ಬಂದವಳೇ ಒಂದು ವಿಡಿಯೊ ನೋಡಿದ್ದನ್ನು ಹೇಳಿದೆ. ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿರುವ ನಿನ್ನ ತಮ್ಮ ಶಾಹಬಾಜ ತೋರಿಸಿದ್ದಂತೆ. ಯಾವುದೋ ದೇಶದವರು ಮೇಜಿನ ಸುತ್ತ ಕೂತಿದ್ದಾರೆ. ಒಬ್ಬಳು ಕಥೆ ಹೇಳುತ್ತಾಳೆ. ಉಳಿದವರು ಆ ಕಥೆಯೊಳಗಿನ ಮನುಷ್ಯರಾಗಿ, ನಾನು ಹೀಗೆ ಮಾಡುತ್ತೇನೆ, ನಾನು ಹಾಗೆ ಮಾಡುತ್ತೇನೆ ಅನ್ನುತ್ತಾರೆ. ಆಮೇಲೆ ಹತ್ತಾರು ಮುಖದ ಒಂದು ದಾಳ ಉರುಳಿಸುತ್ತಾರೆ. ಅಂದುಕೊಂಡದ್ದು ಆಗುತ್ತದೋ ಇಲ್ಲವೋ ಅದು ಹೇಳುತ್ತದೆ.

"ಅವರ ಮಾತು ಒಂದೂ ತಿಳೀಲಿಲ್ಲ ಸವಿ. ಆದ್ರ ಮಾರಿ ನೋಡಿದ್ರ ಎಲ್ಲಾ ತಿಳೀತದ. ಒಬ್ಬಾಕಿ ಹೇಳ್ತಾಳ, ಉಳಿದವ್ರು ಹೆದರ್ತಾರ. ಎದುರಿಗೆ ಬರೇ ಚಾದ ಕಪ್ಪು ಅದಾವ, ಆದ್ರೂ ಹೆದರ್ತಾರ!"

ನಿನ್ನ ಕಣ್ಣು ಹೊಳೆಯುತ್ತಿದ್ದವು. ಹತ್ತಾರು ಮುಖದ ದಾಳ ನಮಗೆಲ್ಲಿ ಸಿಗಬೇಕು? ನಮ್ಮ ಲೈನಿನ ಹೊಳೆವ್ವ ಮರುದಿನ ಮನೆಯಿಂದ ಚೌಕಾಬಾರಾ ಆಡುವ ನಾಲ್ಕು ಕವಡೆ ತಂದಳು. ಗೇಟಿನಲ್ಲಿ ಕಾವಲಿನ ಖಾದರಸಾಬರು ಚೀಲ ತಪಾಸಣೆ ಮಾಡುವಾಗ ಕವಡೆ ಸಿಕ್ಕವು.

"ಏನಬೇ ಹೊಳೆವ್ವಾ ಇದು? ಭವಿಷ್ಯ ಹೇಳಾಕ ಹೊಂಟಿಯೇನು?"

"ಹೂಂನ್ರಿ. ನಿಮ್ಮ ಪಗಾರ ಯಾವಾಗ ಹೆಚ್ಚಾಗ್ತದ ಹೇಳ್ಲೇನು?"

"ಅದನ್ನ ಕವಡಿ ಅಲ್ಲ, ದೇವ್ರು ಬಂದ್ರೂ ಹೇಳೂದಿಲ್ಲ ಬಿಡು" ಎಂದು ಅವರು ಕವಡೆಗಳನ್ನು ತಿರುಗಿಸಿ ನೋಡಿ, "ವೈರ್ ಇಲ್ಲ, ಚಾರ್ಜ್ ಇಲ್ಲ, ಒಯ್ರಿ" ಎಂದು ಬಿಟ್ಟರು.

ನಿನ್ನ ನಿಯಮ ಸುಲಭವಿತ್ತು. ನಾಲ್ಕೂ ಹೊಟ್ಟೆ ಮೇಲಾಗಿ ಬಿದ್ದರೆ ಅಂದುಕೊಂಡದ್ದು ಆಗುತ್ತದೆ. ನಾಲ್ಕೂ ಬೋರಲು ಬಿದ್ದರೆ ಯಾರೂ ಅಂದುಕೊಳ್ಳದ್ದು ಆಗುತ್ತದೆ. ನಡುವಿನದ್ದೆಲ್ಲ ನಿನ್ನ ಮರ್ಜಿ. ಹೊಳೆವ್ವ ಪೈಲ್ವಾನಳಾದಳು. ಐವತ್ತು ದಾಟಿದ ಹೆಂಗಸು, "ಈ ಜನ್ಮದಾಗ ಒಬ್ಬನ್ನರ ಎತ್ತಿ ಒಗೀಬೇಕಂತ ಭಾಳ ಆಸೆ ಐತಿ" ಅಂದಳು. ನುಜಹತ ಕುದುರೆ ಸವಾರಳಾದಳು. ನನ್ನ ಸರದಿ ಬಂದಾಗ ನಾನು ಏನೂ ಹೊಳೆಯದೆ ಕೂತೆ. "ನಾ ಅಡಿಗಿ ಮಾಡ್ತೇನಿ" ಅಂದೆ. ನೀನು ಹಣೆ ಬಡಿದುಕೊಂಡು, "ಆಗೂದಿಲ್ಲ. ನೀ ಕಂದೀಲು ಹಿಡಕೊಂಡು ಎಲ್ಲಾರಗಿಂತ ಮುಂದ ಹೋಗಾಕಿ" ಎಂದು ತೀರ್ಮಾನ ಮಾಡಿಬಿಟ್ಟೆ.

ಹೀಗೆ ನಾನು ದಾರಿ ತೋರಿಸುವವಳಾದೆ. ದುಂಡಸಿಯಿಂದ ಶಿಗ್ಗಾಂವಿ, ಶಿಗ್ಗಾಂವಿಯಿಂದ ದುಂಡಸಿ, ಇಷ್ಟೇ ಗೊತ್ತಿದ್ದವಳು ನಿನ್ನ ಕೋಟೆಯೊಳಗೆ ಸುರಂಗ ಹೊಕ್ಕೆ, ಹಾವಿನ ಬಾವಿಗೆ ಇಳಿದೆ. ನಮ್ಮ ಲೈನಿನಲ್ಲಿ ನಿನ್ನ ಮಷೀನು ಮುಂದೆ, ನನ್ನದು ಹಿಂದೆ. ನೀನು ಹೊಲಿದ ಕಾಲರುಗಳ ಗಂಟು ನನ್ನ ಕಡೆ ಬರುತ್ತಿತ್ತು. ಬೆಳಗಿನ ಗಂಟಿನ ಮೊದಲ ಕಾಲರಿನ ಒಳಮೈಯಲ್ಲಿ ನೀನು ಗುರುತು ಹಾಕುವ ಚಾಕ್‌ಪೀಸಿನಿಂದ ಏನಾದರೂ ಬರೆದಿರುತ್ತಿದ್ದೆ. ಒಂದು ಹಾವು. ಒಂದು ಬಾಗಿಲು. ಮಧ್ಯಾಹ್ನ ಕಥೆಯಲ್ಲಿ ಏನು ಬರಲಿದೆ ಎಂಬುದರ ಸುಳಿವು ಅದು, ನನಗೊಬ್ಬಳಿಗೇ. ನಾನು ನೋಡಿ, ಬೆರಳಿನಿಂದ ಒರೆಸಿ ಮುಂದೆ ಹೊಲಿಯುತ್ತಿದ್ದೆ. ಊಟದ ಗಂಟೆಯ ತನಕ ಮುಂದೇನು ಎಂದು ಊಹಿಸುತ್ತಿದ್ದೆ. ಕೆಲಸ ಬೇಸರವಾದದ್ದೇ ಗೊತ್ತಾಗುತ್ತಿರಲಿಲ್ಲ.

ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು. ಪ್ರಶಾಂತ ಸಂಜೆಯಾದರೆ ಫೋನು ಅಡ್ಡ ಹಿಡಿದು ಗುಂಡು ಹೊಡೆಯುವ ಆಟ ಆಡುತ್ತಾನಲ್ಲ, ಅವನಿಗೆ ನಗು ತಡೆಯಲಾಗಲಿಲ್ಲ.

"ಸ್ಕ್ರೀನ್ ಇಲ್ಲ, ಸೌಂಡ್ ಇಲ್ಲ, ಕವಡಿ ಒಗದು ಕತಿ ಹೇಳೂದು ಒಂದು ಆಟಾ ಏನಬೇ ಅಕ್ಕಾ? ಅದಕ್ಕಿಂತ ನನ್ನ ಹಳೇ ಫೋನ್ ತಗೋ, ಈ ಆಟ ಹಾಕಿ ಕೊಡ್ತೇನಿ."

ಅವ್ವನಿಗೆ ಅವನ ಆಟ ಕಾಣುವುದಿಲ್ಲ, ಬರೀ ಕೇಳುತ್ತದೆ. ಗುಂಡಿನ ಸದ್ದು ನಿಂತ ಕೂಡಲೆ, "ಗೆದ್ದೇನಪಾ?" ಅನ್ನುತ್ತಾಳೆ.

"ಇಲ್ಲ ಯವ್ವಾ, ಸತ್ತೆ."

"ಹಂಗಾರ ಎದ್ದು ಕೈ ತೊಳ್ಕೊ. ರೊಟ್ಟಿ ಆರಾಕತ್ತಾವ."

ಇದನ್ನು ನಿನಗೆ ಹೇಳಿದಾಗ ನೀನು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡೆ. ಆಮೇಲೆ ಯೋಚನೆ ಮಾಡಿ, "ಅವನ ಆಟದಾಗ ಸತ್ತಾಂವ ಮತ್ತ ಎದ್ದು ಬರ್ತಾನ. ಅದಕ್ಕ ಅಲ್ಲಿ ಯಾರೂ ಯಾರಿಗೂ ಸಂಬಂಧ ಇಲ್ಲ. ನಮ್ಮಾಟದಾಗ ಸತ್ರ ಸತ್ತಂಗನ" ಅಂದೆ. ನಿನ್ನ ಬಾಯಿಂದ ಆ ಮಾತು ಬಂದದ್ದು ನೆನಪಾದಾಗೆಲ್ಲ ನನಗೆ ಮಷೀನಿನ ಪೆಡಲಿನ ಮೇಲಿನ ಕಾಲು ನಿಂತುಬಿಡುತ್ತದೆ.

ಕೊನೆಯ ದಿನದ ವಿಷಯಕ್ಕೆ ಬರುತ್ತೇನೆ. ಅವತ್ತು ನೀನು ಕಾಲರಿನ ಮೇಲೆ ಒಂದು ಸರಪಳಿ ಬರೆದಿದ್ದೆ. ನಾನು ಎಂದಿನಂತೆ ಒರೆಸಿದೆ. ಆ ಅಂಗಿ ಈಗ ಯಾವ ದೇಶದಲ್ಲಿ ಯಾರ ಕುತ್ತಿಗೆಯಲ್ಲಿದೆಯೋ.

ಕೋಟೆಯ ತಳದಲ್ಲಿ ಒಂದು ಕೋಣೆ. ಕಿಟಕಿ ಇಲ್ಲ. ಹೊರಹೋಗಲು ಒಂದೇ ಕಲ್ಲಿನ ಬಾಗಿಲು, ನೆಲದಿಂದ ಮೇಲಕ್ಕೆ ಏಳುವಂಥದ್ದು. ಕೋಣೆಯ ನಡುವೆ ಛಾವಣಿಯಿಂದ ಇಳಿಬಿದ್ದ ಸರಪಳಿ. ಅದನ್ನು ಎಳೆದು ಹಿಡಿದರೆ ಬಾಗಿಲು ಏಳುತ್ತದೆ, ಬಿಟ್ಟರೆ ಬೀಳುತ್ತದೆ. ಹಿಡಿದವರು ಬಾಗಿಲ ತನಕ ಬರಲಾರರು, ಅಷ್ಟು ದೂರ. ನೀನು ಹೇಳಿ ಮುಗಿಸುವಷ್ಟರಲ್ಲಿ ನಾನು, "ನೀವು ಹೋಗ್ರಿ, ನಾ ಹಿಡೀತೇನಿ" ಅಂದಿದ್ದೆ. ಹೊಳೆವ್ವ, ನುಜಹತ ಹೊರಗೆ ಹೋದರು. ಕಂದೀಲು ನನ್ನ ಕಾಲ ಬಳಿ ಉಳಿಯಿತು. ಹೊರಗೆ ಹೋದವರಿಗೆ ಕತ್ತಲೆ. ಒಳಗಿದ್ದ ನನಗೆ ಬೆಳಕು, ಆದರೆ ನೋಡಲು ನಾಲ್ಕು ಗೋಡೆ ಬಿಟ್ಟು ಏನೂ ಇಲ್ಲ.

ನಿನಗೆ ಸಿಟ್ಟು ಬಂತು. ಆಟದಲ್ಲಿ ನಿನಗೆ ಸಿಟ್ಟು ಬಂದದ್ದು ಅದೊಂದೇ ಸಲ.

"ಹುಚ್ಚಿ, ಮನ್ಯಾಗೂ ಇದ, ಲೈನಿನಾಗೂ ಇದ, ಇಲ್ಲೂ ಇದ! ಉಚ್ಚಿ ಹೊಯ್ಯಾಕ ಹೋಗಬೇಕಾದ್ರೂ ಕೈ ಎತ್ತೂದಿಲ್ಲ, ಬಿಗಿ ಹಿಡಕೊಂಡು ಕುಂದ್ರತಿ. ನಾ ಕಟ್ಟಿದ ಕೋಟ್ಯಾಗರ ನೀ ಮುಂದ ಹೋಗ್ತಿ ಅಂತ ಕಂದೀಲು ಕೊಟ್ರ, ಅದನ್ನ ಕೆಳಗಿಟ್ಟು ಸರಪಳಿ ಹಿಡಕೊಂಡಿಯಲ್ಲ!"

"ಮತ್ತ ಯಾರರ ಹಿಡೀಬೇಕಲ್ಲ?" ಅಂದೆ.

"ನಾ ಈಗ ಏನೂ ಹೇಳೂದಿಲ್ಲ. ನಾಳೆ ನೀನಾಗೇ ಕೇಳು. ನೀ ಬಾಯಿ ತಗದು ಕೇಳೂಮಟ ನಾ ನಿನ್ನ ಹೊರಗ ತರೂದಿಲ್ಲ."

ಗಂಟೆ ಬಾರಿಸಿತು. ಸಂಜೆ ಬಸ್ಸು ಹತ್ತುವಾಗ ನಿನ್ನ ಹಣೆಯನ್ನು ನೀನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮರುದಿನ ನೀನು ಬರಲಿಲ್ಲ. ಜ್ವರ ಅಂದರು, ಆಮೇಲೆ ಕಾಮಾಲೆ ಅಂದರು, ಸವಣೂರಿನಿಂದ ಹುಬ್ಬಳ್ಳಿಗೆ ಒಯ್ದರು. ಮುಂದಿನ ವಾರ ನಾವು ಮೂವರೂ ಅರ್ಧ ದಿನದ ರಜೆ ಹಾಕಿ ಸವಣೂರಿಗೆ ಬಂದಾಗ ನಿನ್ನ ಮನೆಯ ಮುಂದೆ ಚಪ್ಪಲಿಗಳಿದ್ದವು, ನೀನಿರಲಿಲ್ಲ. ಮಣ್ಣು ಆಗಲೇ ಆಗಿತ್ತು.

ನಿಮ್ಮ ಅಮ್ಮಿ ಅಫ್ಸಾನಾ ಚಾಚಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಎದ್ದು ಬರುವಾಗ ಕೇಳಿದರು.

"ಸವಿ ಅಂದ್ರ ನೀನೇನು ಬೇಟಾ? ಬುಖಾರದಾಗ ಗೌಹರ ಅದನ್ನ ಅಂತಿದ್ಲು. ಸವಿ ಕೋಣ್ಯಾಗ ಅದಾಳ, ಸವಿನ್ನ ಹೊರಗ ತರಬೇಕು ಅಂತ. ಯಾವ ಕೋಣಿ ಬೇಟಾ ಅದು? ನಿನ್ನ ಯಾರು ಕೂಡಿ ಹಾಕ್ಯಾರ?"

ಹೊಳೆವ್ವ, ನುಜಹತ ತಲೆ ತಗ್ಗಿಸಿದರು. ಯಾರೂ ಕೂಡಿ ಹಾಕಿಲ್ಲ ಚಾಚಿ ಎನ್ನಬೇಕಿತ್ತು. ಅದೊಂದು ಆಟ ಎನ್ನಬೇಕಿತ್ತು. ಅವರು ನನ್ನ ಗಲ್ಲ ಮುಟ್ಟಿ, "ಮತ್ತ ಬಾ" ಅಂದರು. ಅದಾದ ಮೇಲೆ ಅವರು ಇದೇ ಪ್ರಶ್ನೆಯನ್ನು ಆಗಾಗ ಹೋಗಿಬರುವ ನುಜಹತಳ ಕೈಯಲ್ಲಿ ಹೇಳಿ ಕಳಿಸುತ್ತಲೇ ಇದ್ದಾರೆ. ಆ ಹುಡುಗಿ ಇನ್ನೂ ಒಳಗ ಅದಾಳೇನು ಕೇಳು, ಅಂತ. ಮತ್ತೆ ನಾನು ಹೋಗಲಿಲ್ಲ. ಭಾನುವಾರ ಅವ್ವನ ಹತ್ತಿರ ಯಾರಿರಬೇಕು?

ನಿನ್ನ ಮಷೀನಿಗೆ ಈಗ ಬೇರೆ ಹುಡುಗಿ ಬಂದಿದ್ದಾಳೆ. ಒಳ್ಳೆಯವಳು. ಅವಳ ಕಾಲರುಗಳ ಒಳಮೈ ಬೆಳ್ಳಗಿರುತ್ತದೆ. ಆದರೂ ನಾನು ಮೊದಲ ಕಾಲರನ್ನು ತಿರುವಿ ನೋಡದೆ ಹೊಲಿಯುವುದಿಲ್ಲ.

ಪ್ರಶಾಂತನಿಗೆ ನನ್ನ ಮುಖ ನೋಡಿ ಏನೋ ತಿಳಿದಿರಬೇಕು. ಒಂದು ಸಂಜೆ ತಾನಾಗಿಯೇ ಫೋನು ಕೆಳಗಿಟ್ಟು, ದನಿ ಮೆತ್ತಗೆ ಮಾಡಿ, "ಅಕ್ಕಾ, ಎಲ್ಲಿತನಕ ಬಂದಿದ್ರಿ ಅದನ್ನ ಸೇವ್ ಮಾಡಿದ್ದಿಲ್ಲೇನು?" ಎಂದು ಕೇಳಿದ. ಕೀಟಲೆಯಲ್ಲ, ನಿಜವಾಗಿ ಕೇಳಿದ. ಅವನ ಲೋಕದಲ್ಲಿ ದುಃಖಕ್ಕೆ ಅದೇ ಮೊದಲ ಔಷಧ. ನೀನು ಒಂದಕ್ಷರ ಬರೆದಿಟ್ಟವಳಲ್ಲ. ಕೋಟೆ, ಬಾವಿ, ಬಾಗಿಲು, ಆಚೆಗೆ ಏನಿದೆ, ಎಲ್ಲವೂ ನಿನ್ನ ತಲೆಯಲ್ಲಿತ್ತು. ಆ ತಲೆಯನ್ನು ಒಯ್ದು ಮಣ್ಣಿನಲ್ಲಿಟ್ಟರು ಎಂದು ಅವನಿಗೆ ಹೇಗೆ ಹೇಳಲಿ? ಇಲ್ಲ ಅಂದೆ. ಅವನು ಬಹಳ ನೊಂದುಕೊಂಡ. ಅವತ್ತು ಮತ್ತೆ ಆಡಲಿಲ್ಲ.

ನುಜಹತ ಬೇರೆ ಉಪಾಯ ಮಾಡಿದಳು. ಈಗ ಫೋನೇ ಕಥೆ ಹೇಳುತ್ತದಂತೆ. ಎಲ್ಲಿದ್ದೀರಿ, ಏನು ಮಾಡುತ್ತೀರಿ ಎಂದು ಟೈಪ್ ಮಾಡಿದರೆ ಸಾಕು, ಮುಂದಿನದನ್ನು ಅದು ಹೇಳುತ್ತದೆ. ಸಂಜೆ ಗೇಟಿನಲ್ಲಿ ಫೋನು ವಾಪಸ್ ಸಿಕ್ಕ ಮೇಲೆ ಬಸ್ಸಿಗೆ ಕಾಯುತ್ತ ನಮ್ಮ ಕೋಣೆಯನ್ನೂ ಸರಪಳಿಯನ್ನೂ ಅದಕ್ಕೆ ವಿವರಿಸಿದಳು. ಕಣ್ಣು ಪಿಳುಕಿಸುವಷ್ಟರಲ್ಲಿ ಉತ್ತರ ಬಂತು.

"ಅಕ್ಕಾ, ಗ್ವಾಡ್ಯಾಗ ಬಂಗಾರದ ಕೀಲಿಕೈ ಹೊಳ್ಯಾಕತ್ತೈತಂತ! ತಗೋರಿ, ಹೊರಗ ಬರ್ರಿ."

"ಬ್ಯಾಡ" ಅಂದೆ.

"ಯಾಕ್ರಿ? ಪುಗಸಟ್ಟೆ ಕೊಡಾಕತ್ತೈತಿ."

"ಗೌಹರ ಹಂಗ ಕೊಡ್ತಿದ್ಲೇನು?"

ನಾನು ಯಂತ್ರವನ್ನು ಬೈಯುವವಳಲ್ಲ. ಅವ್ವನಿಗೆ ಹೊತ್ತು ಹೋಗುವುದು ಆ ಫೋನಿನ ಭಜನೆಯಿಂದಲೇ. ಆದರೆ ಅದಕ್ಕೆ ನಾನು ಯಾರೆಂದು ಗೊತ್ತಿಲ್ಲ. ನಾನು ಕೈ ಎತ್ತುವವಳಲ್ಲ ಎಂದು ಗೊತ್ತಿಲ್ಲ. ಅದಕ್ಕೆ ನನ್ನ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟು ಬರದವರು ಕೊಟ್ಟ ಕೀಲಿಕೈಯನ್ನು ನಾನು ಏನು ಮಾಡಲಿ?

ಇದಿಷ್ಟೇ ಆಗಿದ್ದರೆ ಸರಿ. ಒಳಗಿನ ಮಾತು ಬೇರೆ ಇದೆ, ನಿನಗೆ ಮಾತ್ರ ಹೇಳುತ್ತೇನೆ. ನನಗೆ ಹೊರಗೆ ಬರುವುದೇ ಬೇಕಿರಲಿಲ್ಲ. ನೀನು ಕೊನೆಯದಾಗಿ ಬಾಯಿಂದ ಕಟ್ಟಿದ್ದು ಆ ಕೋಣೆ. ನಿನ್ನ ದನಿ ಅಲ್ಲಿ ನಿಂತಿದೆ. ನಾನು ಹೊರಬಿದ್ದರೆ ಬಾಗಿಲು ಬೀಳುತ್ತದೆ, ಆಮೇಲೆ ಅದರೊಳಗೆ ಯಾರೂ ಹೋಗುವುದಿಲ್ಲ. ಆಮೇಲೆ ನೀನು ಪೂರ್ತಿ ಹೋದಂತೆ. ಹಾಗಾಗಿ ಹೊಲಿಯುವಾಗ, ರೊಟ್ಟಿ ತಟ್ಟುವಾಗ, ಅವ್ವನ ತಲೆಗೆ ಎಣ್ಣೆ ಹಚ್ಚುವಾಗ ನಾನು ಆ ಸರಪಳಿ ಹಿಡಿದೇ ಇದ್ದೆ. ಕೈ ನೋಯುತ್ತಿತ್ತು ಅಂದರೆ ನಗಬೇಡ. ನಿಜಕ್ಕೂ ಬಲಗೈ ನೋಯುತ್ತಿತ್ತು.

ಮಧ್ಯಾಹ್ನ ಮೂವರೂ ಒಟ್ಟಿಗೆ ಉಣ್ಣುತ್ತಿದ್ದೆವು. ಕವಡೆ ಹೊಳೆವ್ವನ ಬುತ್ತಿಯ ಗಂಟಿನಲ್ಲೇ ಇರುತ್ತಿದ್ದವು, ಬಿಚ್ಚುತ್ತಿರಲಿಲ್ಲ. ಶುಕ್ರವಾರ ನುಜಹತ ತಡೆಯಲಾರದೆ ನನ್ನ ಮೇಲೆ ಹರಿಹಾಯ್ದಳು.

"ನೀವು ಒಬ್ಬರ ಒಳಗ ಇದ್ದೀರಿ ಅಂತ ತಿಳ್ಕೊಂಡೀರೇನು? ನಾನು, ಹೊಳೆವ್ವಾ ಹೊರಗ ಕತ್ತಲ್ಯಾಗ ನಿಂತೇವಿ! ಕಂದೀಲು ನಿಮ್ಮ ಕಡೆ ಐತಿ. ಒಂದ ಹೆಜ್ಜಿ ಮುಂದ ಇಡಾಕ ಬರವಲ್ದು. ನನಗೂ ಗೌಹರಕ್ಕ ಸತ್ತಾಳ, ನಿಮಗೊಬ್ಬರಿಗ ಅಲ್ಲ."

ಹಾಗೆ ಹೇಳಿ ಅಳತೊಡಗಿದಳು. ಇಪ್ಪತ್ತರ ಹುಡುಗಿ. ಅವಳೂ ಕತ್ತಲೆಯಲ್ಲಿ ನಿಂತಿದ್ದಾಳೆ ಎಂದು ನನಗೆ ಅಲ್ಲಿಯ ತನಕ ಹೊಳೆದೇ ಇರಲಿಲ್ಲ. "ನಾ ಬಿಟ್ರ ಬಾಗ್ಲಾ ಬೀಳ್ತದ. ನಾ ಏನು ಮಾಡ್ಲಿ?" ಅಂದೆ.

ಹೊಳೆವ್ವ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು.

"ತಡೀರಿ ತಡೀರಿ. ಬಾಗ್ಲಾ ಬೀಳ್ತದ ಅಂದ್ರ, ಈಗ ತೆರದ ಐತಿ ಹೌದಿಲ್ಲೋ?"

"ಹೂಂ. ನಾ ಹಿಡಕೊಂಡೇನಲ್ಲ."

"ಹಂಗಾರ ನಾ ಹೊರಗ ಯಾಕ ನಿಂತೇನಿ? ಮೂಳಿ, ನಾ ಒಳಗ ಬರಬಹುದಲ್ಲ!"

ಗೌಹರ, ಇಷ್ಟು ದಿನ ಮೂವರಿಗೂ ಅದು ಕಾಣಲಿಲ್ಲ. ನೀನು ಬಂದು ಹೇಳಬೇಕು, ಇಲ್ಲವೆ ಎಲ್ಲಿಂದಲೋ ಕೀಲಿಕೈ ಬರಬೇಕು ಎಂದು ಕಾಯುತ್ತ ಕೂತಿದ್ದೆವು. ಸವಿತಾ ಹಿಡಿದಿದ್ದಾಳೆ ಅಂದ ಮೇಲೆ ಆಯಿತು, ಅದನ್ನು ಬೇರೆಯವರು ಹಿಡಿಯಬಹುದು ಎಂದು ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಹೊಳೆವ್ವನ ಕೆಲಸವೇನು, ನಿನಗೆ ಹೇಳಬೇಕೇ? ಬದಲಿ. ಲೈನಿನಲ್ಲಿ ಯಾರಾದರೂ ನೀರಿಗೋ ಮೋರಿಗೋ ಏಳಬೇಕಾದರೆ ಕೈ ಎತ್ತುತ್ತಾರೆ, ಹೊಳೆವ್ವ ಬಂದು ಬೆನ್ನ ಹಿಂದೆ ನಿಂತು ಹೆಗಲಿಗೆ ಎರಡು ಸಲ ತಟ್ಟುತ್ತಾಳೆ. ಕೂತವರು ಎಡಕ್ಕೆ ಜಾರಿ ಏಳುತ್ತಾರೆ, ಅವಳು ಬಲದಿಂದ ಜಾರಿ ಕೂಡುತ್ತಾಳೆ. ಮಷೀನು ನಿಲ್ಲುವುದಿಲ್ಲ. ಎಷ್ಟೋ ವರ್ಷದಿಂದ ಮಾಡುತ್ತಿದ್ದಾಳೆ. ನನ್ನ ಹೆಗಲಿಗೆ ಅವಳು ತಟ್ಟಿದ್ದು ಬೆರಳೆಣಿಕೆಯಷ್ಟು ಸಲ, ಅದೂ ನೀನು ನನ್ನ ಪರವಾಗಿ ಕೈ ಎತ್ತಿದಾಗ.

ಅವಳು ಕೈ ತೊಳೆದು ಬಂದಳು. ಗಂಟು ಬಿಚ್ಚಿ ಕವಡೆ ತೆಗೆದಳು. "ಒಳಗ ಹೊಂಟೇನಿ" ಎಂದು ಒಗೆದಳು. ಮೂರು ಮೇಲೆ, ಒಂದು ಬೋರಲು. ನಿನ್ನ ನಿಯಮದಲ್ಲಿ ಅದು ಕಥೆ ಹೇಳುವವಳ ಮರ್ಜಿ. ಹೇಳುವವಳು ಇಲ್ಲ. ಕೊನೆಗೆ ನುಜಹತ ಮೂಗು ಒರೆಸಿಕೊಂಡು, "ಗೌಹರಕ್ಕ ಇದ್ದಿದ್ರ ಹೋಗು ಅಂತಿದ್ಲು" ಅಂದಳು. ಅದು ಸುಳ್ಳಲ್ಲ ಎಂದು ಮೂವರಿಗೂ ಗೊತ್ತಿತ್ತು.

ಹೊಳೆವ್ವ ಎದ್ದು ನನ್ನ ಬೆನ್ನ ಹಿಂದೆ ಬಂದು ನಿಂತಳು. ಹೆಗಲಿಗೆ ಎರಡು ಸಲ ತಟ್ಟಿದಳು.

"ಏಳವ್ವಾ. ನಾ ಹಿಡೀತೇನಿ. ನಾ ಪೈಲ್ವಾನಳು, ನನಗೇನಾಗ್ತದ?"

ಬೇಡ ಹೊಳೆವ್ವಾ, ನನಗೇನೂ ತೊಂದರೆಯಿಲ್ಲ, ನೀನೇ ಹೋಗು. ಇಷ್ಟೂ ಮಾತು ನಾಲಿಗೆಯ ಮೇಲೆ ಬಂದು ಕೂತವು. ಆದರೆ ಮೈ ಮನಸ್ಸಿನ ಮಾತು ಕೇಳಲಿಲ್ಲ. ಹೆಗಲಿಗೆ ತಟ್ಟಿದರೆ ಏಳಬೇಕು ಎಂದಷ್ಟೇ ಅದಕ್ಕೆ ಗೊತ್ತು. ಎಡಕ್ಕೆ ಜಾರಿದೆ. ಎದ್ದು ನಿಂತಿದ್ದೆ. ಹೊಳೆವ್ವ ನನ್ನ ಜಾಗದಲ್ಲಿ ಕೂತು ಕೈ ಮೇಲೆತ್ತಿ ಇಲ್ಲದ ಸರಪಳಿಯನ್ನು ಹಿಡಿದಿದ್ದಳು. ಪಕ್ಕದಲ್ಲಿ ಉಣ್ಣುತ್ತಿದ್ದ ಬೇರೆ ಲೈನಿನವರು, "ಯಾಕಬೇ ಹೊಳೆವ್ವಾ, ಬಸ್ಸಿನಾಗ ನಿಂತಿಯೇನು?" ಎಂದು ನಕ್ಕರು. ಅವಳು ಕೈ ಇಳಿಸಲಿಲ್ಲ.

ನುಜಹತ ಪಿಸುಗುಟ್ಟಿದಳು. "ಅಕ್ಕಾ, ಕಂದೀಲು ತಗೊಂಡ್ರೇನು?"

"ತಗೊಂಡೆ."

"ಬಾಗ್ಲಾ ದಾಟಿದ್ರೇನು?"

"ದಾಟಿದೆ."

"ಏನು ಕಾಣಾಕತ್ತೈತಿ?"

ಆಚೆಗೆ ಏನಿದೆ ಎಂದು ನೀನು ಹೇಳಿಯೇ ಇಲ್ಲವಲ್ಲ. ಗಂಟೆ ಬಾರಿಸಿತು. ನುಜಹತಳ ಮುಖ ಬಾಡಿತು. ಹೊಳೆವ್ವ, "ಇರಲಿ, ಸೋಮವಾರ ಹೇಳ್ಲಿ. ಅಲ್ಲೀಮಟ ನಾ ಹಿಡಕೊಂಡಿರ್ತೇನಿ" ಅಂದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಆದ್ರ ನನ್ನ ರಟ್ಟಿ ಮೊದಲಿನಂಗಿಲ್ಲ. ನೆನಪಿಟ್ಕೊ" ಎಂದು ಸೇರಿಸಿದಳು.

ಅವತ್ತಿನಿಂದ ನಾನು ಹೊಸ್ತಿಲ ಮೇಲಿದ್ದೇನೆ. ಹಿಂದಿನ ಕೋಣೆಯಲ್ಲಿ ನಿನ್ನ ದನಿ, ಮುಂದೆ ಏನೂ ಕಾಣದ ಕತ್ತಲೆ. ಕೈ ಖಾಲಿಯಾಗಿದೆ. ಹಗುರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಿಡಿಯಲು ಸರಪಳಿಯೂ ಇಲ್ಲದೆ ಕೆಲಸಕ್ಕೆ ರಜೆಯಿದ್ದ ನಿನ್ನೆ ಇಡೀ ದಿನ ಎಲ್ಲಿ ನಿಲ್ಲಬೇಕು ತಿಳಿಯದೆ ಅಡಿಗೆಮನೆಯಲ್ಲಿ ತಿರುಗಿದೆ. ನೀನು ಅವತ್ತು ಕೇಳು ಎಂದದ್ದು ಇದನ್ನೇ ಏನು? ಬದಲಿ ಬೇಕು ಎಂದು ಕೈ ಎತ್ತುವುದನ್ನು? ಇಷ್ಟು ಸಣ್ಣ ಉತ್ತರಕ್ಕೆ ನೀನು ಅಷ್ಟು ದೊಡ್ಡ ಕೋಟೆ ಕಟ್ಟಿದೆಯಾ? ಅಥವಾ ಬೇರೆ ಏನೋ ಇತ್ತೋ. ಇನ್ನು ತಿಳಿಯುವಂತಿಲ್ಲ.

ಬೈಕಿನ ಸದ್ದು ಬಂತು. ಅಕ್ಕಿಆಲೂರಿಗೆ ಹೋದವರು ಬಂದರು. ಇದನ್ನು ಇಲ್ಲಿಗೇ ಬಿಟ್ಟು ಚಹಾ ಇಟ್ಟು ಬರುತ್ತೇನೆ.

ಮತ್ತೆ ಕೂತೆ. ಹೇಳಲೇಬೇಕು, ನೀನು ನಂಬುವುದಿಲ್ಲ. ಚಹಾ ಕೊಡುವಾಗ ಕೇಳಿದೆ. "ಪ್ರಶಾಂತ, ಬರೂ ಐತವಾರ ನಾ ಸವಣೂರಿಗೆ ಹೋಗಬೇಕು. ಗೌಹರನ ಅವ್ವನ್ನ ನೋಡಬೇಕು. ನೀ ಮನ್ಯಾಗ ಇರ್ತೀಯೇನು?"

ಅವನು ಫೋನಿನಿಂದ ತಲೆ ಎತ್ತಿ, "ಹೋಗಬೇ. ಯಾರು ಬ್ಯಾಡ ಅಂದಾರ?" ಅಂದ.

ಅಷ್ಟೇ. ಅವನ ಹೆಂಡತಿಯೂ ಏನೂ ಅನ್ನಲಿಲ್ಲ. ಬಾಳೆಹಣ್ಣು ಒಯ್ಯುವಿರಂತೆ ಅಂದಳು. ನನಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಯಾರು ಬೇಡ ಅಂದಾರ ಎಂದು ಇಷ್ಟು ಸುಲಭವಾಗಿ ಕೇಳುವವನು, ಇಷ್ಟು ವರ್ಷ ಒಮ್ಮೆಯಾದರೂ ಬೆನ್ನ ಹಿಂದೆ ಬಂದು ಹೆಗಲು ತಟ್ಟಬಾರದಿತ್ತೇ? ಆ ಮಾತನ್ನು ಅವನಿಗೆ ಹೇಳಲಿಲ್ಲ. ಒಂದೇ ದಿನ ಎರಡು ಸಲ ಬಾಯಿ ತೆರೆಯುವ ಶಕ್ತಿ ನನಗಿನ್ನೂ ಬಂದಿಲ್ಲ.

ಅವನು ಆಮೇಲೆ ನೆನಪಾಗಿ, "ಆದ್ರ ಐತವಾರ ಮಧ್ಯಾಹ್ನ ನಂದು ಮ್ಯಾಚ್ ಐತಿ" ಎಂದು ತಲೆ ಕೆರೆದುಕೊಂಡ. ಮಲಗಿದ್ದ ಅವ್ವ ಅಲ್ಲಿಂದಲೇ, "ಆಡಪಾ, ಆಡು. ನನ್ನೂ ಅದರಾಗ ಸೇರಿಸ್ಕೊ. ನಾ ಒಂದ್ಕಡೆ ಸುಮ್ಮನ ಸತ್ತು ಬಿದ್ದಿರ್ತೇನಿ, ನಿನಗ ತ್ರಾಸ ಆಗೂದಿಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಹೋದ ಮೇಲೆ ಈ ಮನೆಯಲ್ಲಿ ನನ್ನ ನಗು ನನಗೇ ಕೇಳಿಸಿದ್ದು ಇವತ್ತು.

ಒಂದು ಭಾನುವಾರದಿಂದ ಏನೂ ಬದಲಾಗುವುದಿಲ್ಲ, ಗೊತ್ತಿದೆ. ಅದರ ಮುಂದಿನ ಭಾನುವಾರ ಮತ್ತೆ ಯಾರೋ ಬಾಗಿಲಲ್ಲಿ ನಿಂತು ಮುಖ ಮುಖ ನೋಡುತ್ತಾರೆ, ನನ್ನ ನಾಲಿಗೆ ಮತ್ತೆ ಮೊದಲು ಓಡುತ್ತದೆ. ನಿಮ್ಮ ಅಮ್ಮಿಯ ಮುಂದೆ ಕೂತು, ಯಾರು ಕೂಡಿ ಹಾಕಿದ್ದರು ಎಂಬುದಕ್ಕೆ ಏನು ಹೇಳುತ್ತೇನೋ ಅದೂ ತಿಳಿಯದು. ಆದರೆ ಅದಕ್ಕಿಂತ ಮೊದಲು ನಾಳೆ ಇದೆ. ಹೊಳೆವ್ವ ಕಾಯುತ್ತಿರುತ್ತಾಳೆ. ಅವಳ ರಟ್ಟೆ ನಿಜವಾಗಿಯೂ ಸರಿಯಿಲ್ಲ, ಚಳಿಗಾಲದಲ್ಲಿ ಎಣ್ಣೆ ಹಚ್ಚಿ ಕಟ್ಟಿಕೊಂಡು ಬರುತ್ತಿದ್ದುದನ್ನು ನೀನೂ ನೋಡಿದ್ದೀ. ಅವಳನ್ನು ನನ್ನ ಜಾಗದಲ್ಲಿ ಹಾಗೇ ಬಿಟ್ಟು ಹೊಸ್ತಿಲ ಮೇಲೆ ನಿಂತಿರಲು ನನಗಾಗದು. ಮುಂದೆ ನಡೆದರೆ ತಾನೇ ಅವಳನ್ನು ಹೊರಗೆ ತರುವ ದಾರಿ ಹುಡುಕುವುದು?

ಅದಕ್ಕೆ ಈಗಲೇ ಯೋಚಿಸಿ ಇಟ್ಟಿದ್ದೇನೆ. ನಾಳೆ ಊಟವಾದ ಮೇಲೆ ನುಜಹತ ಕೇಳುತ್ತಾಳೆ, ಏನು ಕಾಣಾಕತ್ತೈತಿ ಅಕ್ಕಾ ಎಂದು. ನಾನು ಕಂದೀಲು ಮೇಲಕ್ಕೆತ್ತುತ್ತೇನೆ. ಹೇಳುತ್ತೇನೆ. ಎದುರಿಗೆ ಒಂದು ಗೋಡೆ. 

ಗೋಡೆಯ ಮೇಲೆ ಬಿಳಿ ಚಾಕ್‌ಪೀಸಿನಿಂದ ಬರೆದ ಒಂದು ಸಣ್ಣ ಬಾಣ, ಬಲಕ್ಕೆ ತಿರುಗಿದ್ದು. ಬರೆದು ಬಹಳ ಹೊತ್ತಾಗಿಲ್ಲ, ಪುಡಿ ಇನ್ನೂ ಉದುರುತ್ತಿದೆ. ನಮಗಿಂತ ಮುಂದೆ ಯಾರೋ ಈ ದಾರಿಯಲ್ಲಿ ಹೋಗಿದ್ದಾರೆ.

ಈ ಸಲ ನಾನು ಅದನ್ನು ಒರೆಸುವುದಿಲ್ಲ.

ನೀನಿರುವಲ್ಲಿ ನಿನಗೆ ಬೆಳಕಿರಲಿ, ಗೌಹರ. ನಿನ್ನ ಅಮ್ಮಿಯ ಕಣ್ಣೀರು ಅಲ್ಲಾಹ ಒರೆಸಲಿ. ನಿನ್ನ ಕೋಟೆ ದೊಡ್ಡದಿರಲಿ.

ಕಂದೀಲು ಹಿಡಿದವಳು,
ನಿನ್ನ ಸವಿ
ದುಂಡಸಿ